ನಾನೂರರ ಕಂಬದ ಬಳಿ ಮೆತ್ತನೆ ನೆಲ

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ದೂರುದಾರಳನ್ನು ಹೆಡ್ ಕಾನ್‌ಸ್ಟೇಬಲ್ ಮೊದಲು ಶಾಲೆ ಹುಡುಗಿ ಎಂದುಕೊಂಡರು. ಎತ್ತರ ಅವರ ಅಂಗಿಯ ಜೇಬಿನವರೆಗೆ. "ಯಾರ ಜೊತೆ ಬಂದಿದ್ದೀಯಮ್ಮಾ?" ಎಂದು ಕೇಳಿ, ಮೊಣಕಾಲು ಮುಟ್ಟುವ ಬೂಟನ್ನೂ ಲಗಾಮು ಹಿಡಿದು ಜಡ್ಡುಗಟ್ಟಿದ ಅಂಗೈಯನ್ನೂ ನೋಡಿದ ಮೇಲೆ ಬಹುವಚನಕ್ಕೆ ಬಂದರು.

ಅವಳು ಜಾಕಿ. ರೇಸ್‌ಕೋರ್ಸಿನಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಇನ್‌ಸ್ಪೆಕ್ಟರರ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟು, ಕುರ್ಚಿಯ ತುದಿಯಲ್ಲಿ ಕೂತಳು.

"ಏನಿದು?"

"ಟ್ರ್ಯಾಕು ಮೇಡಂ. ನಮ್ಮಣ್ಣ ಬಿದ್ದ ಜಾಗದ್ದು."

ಇನ್‌ಸ್ಪೆಕ್ಟರ್ ನಲವತ್ತೇಳರ ಹೆಂಗಸು. ಕನ್ನಡಕ ಸದಾ ತಲೆಯ ಮೇಲಿರುತ್ತಿತ್ತು. ಓದಲು ಅದನ್ನು ಕೆಳಗಿಳಿಸಿದರೆಂದರೆ ಎದುರಿಗಿದ್ದವರಿಗೆ ಗ್ರಹಚಾರ ಕಾದಿದೆ ಎಂದು ಠಾಣೆಯಲ್ಲಿ ಲೆಕ್ಕ. ಈಗ ಇಳಿಸಿದರು. ಡಬ್ಬಿಯಲ್ಲಿ ಮರಳು, ಚೂರು ಮಾಡಿದ ಕಾರ್ಪೆಟ್ಟಿನಂಥ ನೂಲು, ರಬ್ಬರ್ ಪುಡಿ, ಎಲ್ಲಕ್ಕೂ ಅಂಟಿಕೊಂಡ ಮೇಣ. ಮೂಗಿನ ಹತ್ತಿರ ತಂದರು.

"ಪೇಂಟಿನ ವಾಸನೆ."

"ಅದಕ್ಕೇ ತಂದೆ."

ದೂರು ಇಷ್ಟು. ಬುಧವಾರ ಎರಡನೇ ರೇಸಿನಲ್ಲಿ, ಕೊನೆಯ ತಿರುವಿನಲ್ಲಿ, ಮುಂದಿದ್ದ ಅಣ್ಣನ ಕುದುರೆ ಮುಗ್ಗರಿಸಿತು. ಕುದುರೆ ಎದ್ದು ನಿಂತಿತು, ಅಣ್ಣ ಏಳಲಿಲ್ಲ. ಸೊಂಟ, ಮೂರು ಪಕ್ಕೆಲುಬು, ಈಗ ಐಸಿಯು. ಉಳಿದ ರೇಸುಗಳನ್ನು ಭಾನುವಾರಕ್ಕೆ ಮುಂದೂಡಿ ಕ್ಲಬ್ಬು ಅದನ್ನು ಅಪಘಾತ ಎಂದಿತು.

"ಕುದುರೆ ಎಡವಲಿಲ್ಲ ಮೇಡಂ. ನೆಲ ಕೈಕೊಡ್ತು. ನಾನು ಹಿಂದೆ ಮೂರನೆಯವಳು, ಕಣ್ಣಾರೆ ನೋಡಿದೀನಿ. ಮುಂಗಾಲು ಮಣಿಗಂಟಿನ ತನಕ ಇಳಿದುಹೋಯ್ತು."

"ಭಾನುವಾರ ನೀನೂ ಓಡಿಸ್ತೀಯಾ?"

"ಬುಧವಾರ ನಿಂತುಹೋದ ನಾಲ್ಕು ಗಂಟೆ ರೇಸು. ಕಾಡಿಗೆ ಅಂತ ಕರಿ ಹೆಣ್ಣುಗುದುರೆ. ನನಗೆ ಸಿಕ್ಕಿರೋ ಮೊದಲನೇ ದೊಡ್ಡ ರೇಸು. ಅದೇ ತಿರುವಲ್ಲಿ ಬರಬೇಕು."

"ಒಲ್ಲೆ ಅಂದ್ರೆ?"

"ಒಲ್ಲೆ ಅಂದೋರನ್ನ ಇನ್ನೊಂದ್ಸಲ ಯಾರೂ ಕರೆಯಲ್ಲ. ಇನ್ಯಾರನ್ನೋ ಕೂರಿಸ್ತಾರೆ. ಅವರು ಬೀಳ್ತಾರೆ." ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. "ಭಾನುವಾರ ನಾಲ್ಕರೊಳಗೆ ಯಾರು ಮಾಡಿದ್ದು, ಯಾಕೆ ಮಾಡಿದ್ದು ಅಂತ ಹೇಳಿ ಸಾಕು. ಆಮೇಲೆ ಧೈರ್ಯವಾಗಿ ಹತ್ತೀನಿ."

ಹತ್ತೂ ಕಾಲಿಗೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಸ್ಥಳ ಪಂಚನಾಮೆ ಬರೆದದ್ದು ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತಾರು ವರ್ಷ ಪಂಚನಾಮೆ ಬರೆದು ಬರೆದು ಅವರ ಬಾಯಿಮಾತಿನಲ್ಲೂ 'ಸದರಿ' ಸೇರಿಕೊಂಡಿತ್ತು. ಮನೆಯಲ್ಲಿ ಹೆಂಡತಿಗೆ "ಸದರಿ ಹಾಲು ಒಡೆದಿದೆ" ಎನ್ನುತ್ತಾರೆಂಬ ವದಂತಿಯನ್ನು ಅವರು ನಿರಾಕರಿಸಿರಲಿಲ್ಲ. ಠಾಣೆಯಲ್ಲಿ ಅವರ ಹೆಸರೇ ಸದರಿ.

ಹನ್ನೊಂದೂವರೆಗೆ ಅವರು ತಿರುವಿನಲ್ಲಿ ಮಂಡಿಯೂರಿದ್ದರು. ಗೆಲ್ಲುವ ಗೆರೆಗೆ ನಾನೂರು ಮೀಟರ್ ಉಳಿದಿದೆ ಎಂದು ಸೂಚಿಸುವ ಕಂಬ; ಅದರ ಎದುರು, ಒಳಬೇಲಿಯಿಂದ ಒಂದೂವರೆ ಮಾರು ದೂರದಲ್ಲಿ, ಹಾಸಿಗೆಯಷ್ಟು ಅಗಲದ ಜಾಗ. ಮೇಲೆ ನೋಡಿದರೆ ಉಳಿದ ನೆಲದಂತೆಯೇ ಇತ್ತು. ಸದರಿ ಅಳತೆಪಟ್ಟಿ ಹಿಡಿದು ಒಂದು ಹೆಜ್ಜೆ ಇಟ್ಟರು. ಬೂಟು ಒಳಗೇ ಉಳಿದು ಕಾಲು ಮಾತ್ರ ಹೊರಗೆ ಬಂತು.

"ಬರೀರಿ," ಎಂದರು ಇನ್‌ಸ್ಪೆಕ್ಟರ್, "ಸದರಿ ಬೂಟು ಸದರಿ ಸ್ಥಳದಲ್ಲಿ ದೊರೆತಿರುತ್ತದೆ."

ಪಂಚರಿಬ್ಬರು ನಕ್ಕರು. ಸದರಿ ನಗಲಿಲ್ಲ, ಬರೆಯುತ್ತಿದ್ದರು.

ಟ್ರ್ಯಾಕಿನ ಮೇಲ್ವಿಚಾರಕನನ್ನು ಕರೆಸಲಾಯಿತು. ಮೇಣ ಕಾಯಿಸುವುದು, ಬೆರೆಸುವುದು, ಟ್ರ್ಯಾಕ್ಟರಿಗೆ ಕುಂಟೆ ಕಟ್ಟಿ ನೆಲ ಹದ ಮಾಡುವುದು ಅವರ ಕೆಲಸವಾದ್ದರಿಂದ ಎಲ್ಲರಿಗೂ ಅವರು ಮೇಣದಣ್ಣ. ಬಂದವರೇ ನೆಲ ಮುಟ್ಟಿ, ಕಾಯಿಲೆಯ ಮಗುವಿನ ಹಣೆ ಮುಟ್ಟಿದವರಂತೆ ಮುಖ ಮಾಡಿದರು.

"ಯಾರೋ ಏನೋ ಸುರಿದಿದಾರೆ."

"ವಾಸನೆ ಬರಲಿಲ್ವಾ?"

"ನನಗೆ ವಾಸನೆ ಹೋಗಿ ಒಂದೂವರೆ ವರ್ಷ ಆಯ್ತು. ಮೇಣದ ಹೊಗೆ. ಮನೇಲಿ ಹಾಲು ಉಕ್ಕಿ ತಳ ಹತ್ತಿದ್ರೂ ಗೊತ್ತಾಗಲ್ಲ, ಬೈಸ್ಕೋತೀನಿ."

"ಉಳಿದವರಿಗೆ?"

"ಈ ಟ್ರ್ಯಾಕು ದಿನಾ ಒಂದೊಂದು ವಾಸನೆ ಹೊಡೆಯುತ್ತೆ. ಇವತ್ತು ಇದು ಅಂದ್ಕೊಂಡಿರ್ತಾರೆ."

ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಟೈ ಸರಿಮಾಡಿಕೊಳ್ಳುತ್ತ ಬಂದರು. ಎರಡು ವರ್ಷದ ಹಿಂದೆ ಹುಲ್ಲು ಕಿತ್ತು ಈ ಮೇಣದ ನೆಲ ಹಾಕಿಸಿದ್ದು ಅವರ ಕಾಲದಲ್ಲೇ.

"ಈ ಟ್ರ್ಯಾಕನ್ನು ಕಂಡರಾಗದವರು ಯಾರಾದರೂ ಇದ್ದಾರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಕಂಡರಾಗೋರು ಯಾರು ಅಂತ ಕೇಳಿ, ಬೇಗ ಮುಗಿಯುತ್ತೆ," ಎಂದರು ಮೇಣದಣ್ಣ.

ಕಾರ್ಯದರ್ಶಿ ಕೆಮ್ಮಿದರು. ಆದರೆ ಮಾತು ಸುಳ್ಳಲ್ಲ. ಮೇಣ ಗೊರಸಿಗೆ ಮೆತ್ತಿ ಉಂಡೆಯಾಗುತ್ತದೆಂದು ಲಾಯದವರಿಗೆ ಕೋಪ. ಹಿಂದೆ ಬರುವವರ ಮುಖಕ್ಕೆ ಎರಚುತ್ತದೆಂದು ಜಾಕಿಗಳಿಗೆ ಕೋಪ. ಮುಂಗಾಲಿನ ಪೆಟ್ಟು ಕಡಿಮೆಯಾಗಿ ಹಿಂಗಾಲಿನದು ಹೆಚ್ಚಾಯಿತೆಂದು ಟ್ರೈನರ್‌ಗಳಿಗೆ ಕೋಪ. ಚರಂಡಿ ಕಟ್ಟಿಕೊಳ್ಳುತ್ತದೆಂದು ಸ್ವತಃ ಮೇಣದಣ್ಣನಿಗೆ ಕೋಪ. ಕುದುರೆಗಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಶುಕ್ರವಾರ ಪ್ರಯೋಗಾಲಯದಿಂದ ಫೋನು ಬಂತು. ಪೇಂಟಿಗೆ ಬೆರೆಸುವ ಥಿನ್ನರ್. ಮೇಣವನ್ನು ಕರಗಿಸಿ ಸಡಿಲ ಮಾಡಿದೆ. ಸದರಿ ಉತ್ಸಾಹದಿಂದ ಎದ್ದರು: ಥಿನ್ನರ್ ಯಾರ ಹತ್ತಿರ ಇದೆಯೋ ಅವರೇ ಕಳ್ಳರು. ಒಂದು ಗಂಟೆ ಲಾಯಗಳನ್ನೆಲ್ಲ ಸುತ್ತಿ, ಮುಖ ಇಳಿಬಿಟ್ಟುಕೊಂಡು ಬಂದರು.

"ಎಲ್ಲರ ಹತ್ರಾನೂ ಇದೆ ಮೇಡಂ. ಗೊರಸಿಗೆ ಮೆತ್ತಿದ ಮೇಣ ಒರೆಸೋಕೆ. ಲಾಯಕ್ಕೊಂದು ಡಬ್ಬ."

"ಹಾಗಿದ್ರೆ ಡಬ್ಬ ಬಿಡಿ. ಜಾಗ ನೋಡೋಣ."

ಜಾಗ ಇನ್‌ಸ್ಪೆಕ್ಟರರ ತಲೆ ತಿನ್ನುತ್ತಿತ್ತು. ಅದೇ ದಿನ ಬೆಳಗಿನ ಆರು ಗಂಟೆಗೆ ಅವರು ಟ್ರ್ಯಾಕಿನ ಸುತ್ತು ನಡೆದು ಬಂದಿದ್ದರು. ದಿನವೂ ಹೀಗೆ ನಾಲ್ಕು ಜನ ನಡೆಯುವುದು ಅಲ್ಲಿನ ಪದ್ಧತಿ: ಮೇಣದಣ್ಣ, ಕಾರ್ಯದರ್ಶಿ, ಟ್ರೈನರ್‌ಗಳ ಪರವಾಗಿ ಕಾಡಿಗೆಯ ಟ್ರೈನರ್, ಮತ್ತು ಕುದುರೆ ಡಾಕ್ಟರು. ಮೇಣದಣ್ಣ ಗುರುತು ಹಾಕಿದ ಕಬ್ಬಿಣದ ಕೋಲನ್ನು ಅಲ್ಲಲ್ಲಿ ನೆಲಕ್ಕೆ ಒತ್ತುತ್ತಾರೆ. ಎಷ್ಟು ಇಳಿಯಿತೆಂದು ಉಳಿದವರು ನೋಡುತ್ತಾರೆ. ಮಿತಿ ಮೀರಿ ಇಳಿದರೆ ಆ ದಿನದ ರೇಸು ರದ್ದು. ಕೋಲಿನ ಮಾತಿಗೆ ಅಪೀಲಿಲ್ಲ.

ನಾನೂರರ ಕಂಬದ ಬಳಿ ಹೊಸದಾಗಿ ತುಂಬಿದ ನೆಲದಲ್ಲಿ ಕೋಲು ಒತ್ತಿದಾಗ ಇನ್‌ಸ್ಪೆಕ್ಟರ್ ಕೇಳಿದ್ದರು:

"ಯಾವಾಗ್ಲೂ ಇದೇ ಜಾಗದಲ್ಲಾ?"

"ಕಂಬದ ಎದುರು, ಬೇಲಿಯಿಂದ ಒಂದೂವರೆ ಮಾರು. ಬೇರೆ ಬೇರೆ ಕಡೆ ಚುಚ್ಚಿದ್ರೆ ನಿನ್ನೆಗೂ ಇವತ್ತಿಗೂ ತಾಳೆ ನೋಡೋದು ಹೇಗೆ?"

"ಬುಧವಾರ ಬೆಳಿಗ್ಗೆ?"

"ಒತ್ತಿದೆ. ಎಲ್ಲ ಕಡೆ ಎಷ್ಟೋ ಅಷ್ಟೇ ಇಳೀತು. ಇವರೆಲ್ಲ ನೋಡಿದಾರೆ."

ಮೂವರೂ ತಲೆಯಾಡಿಸಿದ್ದರು.

ಈಗ ಇನ್‌ಸ್ಪೆಕ್ಟರ್ ಪಂಚನಾಮೆಯ ಅಳತೆಯ ಮೇಲೆ ಬೆರಳಿಟ್ಟರು. "ಕುದುರೆ ಬೀಳಿಸಬೇಕು ಅನ್ನೋನು ಎಲ್ಲಿ ಸುರೀತಾನೆ?"

"ಯಾರೂ ನೋಡದ ಕಡೆ," ಎಂದರು ಸದರಿ.

"ಇವನು ನಾಲ್ಕು ಜನ ಬಂದು ಚುಚ್ಚಿ ನೋಡೋ ಜಾಗಕ್ಕೇ ಸುರಿದಿದಾನೆ. ಒಂದಂಗುಲ ಆಚೆ ಈಚೆ ಇಲ್ಲ."

"ದಡ್ಡ ಇರಬೇಕು."

"ಅಲ್ಲ. ಸಿಕ್ಕಿಬೀಳಲಿ ಅಂತಲೇ ಸುರಿದಿದಾನೆ. ಬೆಳಿಗ್ಗೆ ಕೋಲು ಇಳೀಬೇಕು, ರೇಸು ರದ್ದಾಗಬೇಕು, ಯಾರಿಗೂ ಏನೂ ಆಗಬಾರದು. ಇದು ಬೀಳಿಸೋನ ಕೆಲಸ ಅಲ್ಲ ಸದರಿ. ರಜಾ ಬೇಕಾದವನ ಕೆಲಸ."

"ಆದ್ರೆ ಕೋಲು ಇಳೀಲಿಲ್ಲವಲ್ಲ ಮೇಡಂ."

ಅದೂ ನಿಜ. ಇನ್‌ಸ್ಪೆಕ್ಟರ್ ಗುಬ್ಬಿಯ ಡಬ್ಬಿ ತರಿಸಿದರು. ಅದರಲ್ಲಿದ್ದುದನ್ನು ಎರಡು ಚಹಾ ಬಟ್ಟಲಿಗೆ ಹಾಕಿ ಒತ್ತಿದರು. ಒಂದು ಬಟ್ಟಲು ಠಾಣೆಯ ಫ್ರಿಜ್ಜಿನೊಳಗೆ, ಸದರಿಯ ಊಟದ ಡಬ್ಬಿಯ ಪಕ್ಕಕ್ಕೆ. ಇನ್ನೊಂದು ಜೀಪಿನ ಬಾನೆಟ್ಟಿನ ಮೇಲೆ, ಬಿಸಿಲಿಗೆ. ಎರಡು ಗಂಟೆಯ ನಂತರ ಠಾಣೆಯೆಲ್ಲ ಸುತ್ತ ನೆರೆದಿತ್ತು. ಫ್ರಿಜ್ಜಿನಿಂದ ತೆಗೆದುದಕ್ಕೆ ಪೆನ್ಸಿಲು ಚುಚ್ಚಿದರು: ಮೊನೆ ಮುರಿಯಿತು. ಬಾನೆಟ್ಟಿನ ಮೇಲಿನದಕ್ಕೆ ಚುಚ್ಚಿದರು: ಪೆನ್ಸಿಲು ತಳ ಮುಟ್ಟಿತು, ಎತ್ತಿದರೆ ಬಟ್ಟಲೂ ಜೊತೆಗೆ ಬಂತು.

"ಮೇಣ," ಎಂದರು ಇನ್‌ಸ್ಪೆಕ್ಟರ್. ಅವರ ಮುಖ ಪರೀಕ್ಷೆಯಲ್ಲಿ ಲೆಕ್ಕ ಬಿಡಿಸಿದ ಹುಡುಗಿಯ ಹಾಗೆ ಅರಳಿತ್ತು. "ಥಿನ್ನರ್ ಕುಡಿದರೂ ಚಳಿಯಲ್ಲಿ ಹೆಪ್ಪುಗಟ್ಟುತ್ತೆ. ಬೆಳಿಗ್ಗೆ ಆರಕ್ಕೆ ಕೋಲು ಮೋಸ ಹೋಯ್ತು. ಮೇಣದಣ್ಣ ಕುಂಟೆ ಹೊಡೆದು ಮೇಲೆ ಸಮ ಮಾಡಿದ್ರು. ಮೊದಲನೇ ರೇಸಲ್ಲಿ ಇನ್ನೂ ಬಿಸಿಲೇರಿರಲಿಲ್ಲ. ಎರಡನೇದರ ಹೊತ್ತಿಗೆ ಗಂಜಿ."

"ಅಂದ್ರೆ ಸುರಿದವನಿಗೆ ಕೋಲು ಎಲ್ಲಿ ಚುಚ್ಚುತ್ತಾರೆ ಅಂತ ಗೊತ್ತಿತ್ತು. ಮೇಣದ ಬುದ್ಧಿ ಗೊತ್ತಿರಲಿಲ್ಲ."

"ಸದರಿ," ಎಂದರು ಇನ್‌ಸ್ಪೆಕ್ಟರ್, "ನಿಮ್ಮ ಊಟಕ್ಕೆ ವಾಸನೆ ಹಿಡಿದಿದ್ರೆ ನನ್ನದು ತಗೊಳ್ಳಿ."

ಶನಿವಾರ ಬೆಳಿಗ್ಗೆ ಆ ನಾಲ್ವರಿಗೂ ಬೇರೆ ಬೇರೆಯಾಗಿ ಒಂದೇ ಪ್ರಶ್ನೆ: ಈ ಟ್ರ್ಯಾಕು ಬೆಳಿಗ್ಗೆ ಗಟ್ಟಿಯೋ, ಮಧ್ಯಾಹ್ನ ಗಟ್ಟಿಯೋ?

ಮೇಣದಣ್ಣ ಅರ್ಧ ಗಂಟೆ ಉತ್ತರಿಸಿದರು. ನಡುವೆ ಉಸಿರು ತೆಗೆದುಕೊಂಡ ನೆನಪು ಸದರಿಗಿಲ್ಲ.

ಟ್ರೈನರ್ ಮೀಸೆಯೊಳಗೇ ನಕ್ಕರು. "ಬೆಳಿಗ್ಗೆ ರಸ್ತೆ, ಮಧ್ಯಾಹ್ನ ಹಾಸಿಗೆ. ಕುದುರೆ ಪಳಗಿಸೋ ಯಾರನ್ನಾದ್ರೂ ಕೇಳಿ."

ಕಾರ್ಯದರ್ಶಿ "ಎಲ್ಲ ಹವೆಯಲ್ಲೂ ಏಕರೂಪ" ಎಂದರು, ಜಾಹೀರಾತು ಬಾಯಿಪಾಠವಾಗಿತ್ತು. ಆದರೆ ಒಂದು ದಿನ ರೇಸು ನಿಂತರೆ ಆಡಳಿತ ಮಂಡಳಿ ಮೊದಲು ಹಿಡಿಯುವುದು ಅವರ ಜುಟ್ಟನ್ನೇ. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವ ಪೈಕಿ ಅಲ್ಲ.

ಡಾಕ್ಟರು ಅರವತ್ತರ ಹತ್ತಿರದವರು. ಇಸ್ತ್ರಿ ಮುರಿಯದ ಅಂಗಿ, ಮೆಲುದನಿ. ಇನ್‌ಸ್ಪೆಕ್ಟರರಿಗೆ ಕುರ್ಚಿ ಎಳೆದು ಕೊಟ್ಟರು, ಸದರಿಗೂ ಎಳೆದು ಕೊಟ್ಟರು.

"ಎಲ್ಲ ಹೊತ್ತಲ್ಲೂ ಒಂದೇ ಅಲ್ವೇ? ಅದಕ್ಕೇ ತಾನೇ ಹುಲ್ಲು ಕಿತ್ತು ಇದನ್ನ ಹಾಕಿದ್ದು."

"ಮಧ್ಯಾಹ್ನ ಟ್ರ್ಯಾಕಿನ ಮೇಲೆ ನಡೆದಿದ್ದೀರಾ?"

"ಮಧ್ಯಾಹ್ನ ನನಗೆ ಈ ಕೋಣೆ. ಏನಾದ್ರೂ ಆದ್ರೆ ಮಾತ್ರ ಅಲ್ಲಿಗೆ."

"ಬುಧವಾರ ಹೋದ್ರಿ."

"ಓಡಿದೆ," ಎಂದರು ಡಾಕ್ಟರು. "ಎಲ್ಲರಿಗಿಂತ ಮೊದಲು."

ಹೊರಗೆ ಬಂದು ಜೀಪು ಹತ್ತಿದ ಮೇಲೆ ಸದರಿ ತಲೆ ಕೆರೆದುಕೊಂಡರು. "ಇವರು ಯಾಕೆ ಮಾಡ್ತಾರೆ ಮೇಡಂ? ಜೂಜಾಡಲ್ಲ, ಕುಡಿಯಲ್ಲ. ಕುದುರೆಯ ವಿಷಯದಲ್ಲಿ ಇವರು ಹೇಳಿದ್ದೇ ಕೊನೆ ಅಂತ ಎಲ್ಲ ಲಾಯದವರೂ ಹೇಳ್ತಾರೆ."

"ಅದೇ ನನಗೂ ಗೊತ್ತಿಲ್ಲ. ಆದ್ರೆ ಒಂದು ಗೊತ್ತು. ಬುಧವಾರ ಬೇಡವಾಗಿದ್ದ ರೇಸು ನಾಳೆ ಇದೆ."

ಕಾರ್ಯದರ್ಶಿಗೆ ಭಾನುವಾರದ ರೇಸು ನಿಲ್ಲಿಸಲು ಹೇಳಿ ನೋಡಿದರು. ನೆಲ ಹೊಸದು, ಕೋಲು ಒಪ್ಪಿದೆ, ಟಿಕೆಟು ಹೋಗಿದೆ. ಮೇಲಿನಿಂದ ಆದೇಶ ತನ್ನಿ ಎಂಬ ಉತ್ತರ ಬಂತು. ಸಂಜೆ ಗುಬ್ಬಿ ಆಸ್ಪತ್ರೆಯಿಂದ ಫೋನು ಮಾಡಿದಳು. ಅಣ್ಣ ಕಣ್ಣು ಬಿಟ್ಟಿದ್ದ. ಮೊದಲು ಕೇಳಿದ್ದು ಯಾರು ಗೆದ್ದರೆಂದು.

"ನೆಲ ಸರಿ ಇದೆಯಾ ಮೇಡಂ?"

"ನೆಲ ಸರಿ ಇದೆ. ಉಳಿದಿದ್ದು ಇನ್ನೂ ಗೊತ್ತಿಲ್ಲ."

"ಉಳಿದಿದ್ದು ಅಂದ್ರೆ?"

"ಅದೇ ಗೊತ್ತಿಲ್ಲ ಅಂದೆನಲ್ಲಮ್ಮ."

ಭಾನುವಾರ ಮಧ್ಯಾಹ್ನ ಮೂರೂವರೆಗೆ ರೇಸ್‌ಕೋರ್ಸು ಕುದಿಯುತ್ತಿತ್ತು. ಗ್ಯಾಲರಿಯಲ್ಲಿ ಕಾಲಿಡಲು ಜಾಗವಿಲ್ಲ. ಧ್ವನಿವರ್ಧಕ ಕುದುರೆಗಳ ಹೆಸರು ಕೂಗುತ್ತಿತ್ತು. ಪ್ರತಿ ಹೆಸರಿಗೂ ಜನರ ನಡುವಿನಿಂದ ಒಂದು ಅಲೆ ಏಳುತ್ತಿತ್ತು. ಇನ್‌ಸ್ಪೆಕ್ಟರ್ ಆ ಗದ್ದಲ ದಾಟಿ ಡಾಕ್ಟರ ಕೋಣೆಗೆ ಬಂದರು. ಕಿಟಕಿಯ ಹೊರಗೇ ವೃತ್ತಾಕಾರದ ಅಂಗಳ. ಸವಾರಿಗೆ ಮುಂಚೆ ಕುದುರೆಗಳನ್ನು ಜನರಿಗೆ ಕಾಣುವಂತೆ ಅಲ್ಲಿ ನಡೆಸುತ್ತಾರೆ.

"ಮಂಗಳವಾರ ಸಂಜೆ ಎಲ್ಲಿದ್ರಿ?"

"ಇಲ್ಲೇ. ಕತ್ತಲಾಗೋ ಮುಂಚೆ ಹೋದೆ."

"ಟ್ರ್ಯಾಕಿನ ಕಡೆ?"

"ಯಾಕೆ ಹೋಗಲಿ?"

"ಈ ಕೋಣೆಯಲ್ಲಿ ಥಿನ್ನರ್ ಇದೆಯಾ?"

"ಎಲ್ಲ ಕಡೆ ಇರೋ ಹಾಗೆ."

ಉತ್ತರಗಳು ಅಂಗಿಯಂತೆಯೇ ಇಸ್ತ್ರಿಯಾಗಿದ್ದವು. ಆದರೆ ಇನ್‌ಸ್ಪೆಕ್ಟರ್ ಉತ್ತರ ಕೇಳುತ್ತಿರಲಿಲ್ಲ. ಕಿಟಕಿಯ ಹೊರಗೆ ಕುದುರೆ ದಾಟಿದಾಗಲೆಲ್ಲ, ಮಾತಿನ ನಡುವೆಯೇ, ಡಾಕ್ಟರ ಕಣ್ಣು ಅದರ ಕಾಲುಗಳಿಗೆ ಹೋಗಿ ಬರುತ್ತಿತ್ತು. ಮೂವತ್ತು ವರ್ಷದ ರೂಢಿ. ತಡೆಯಲು ಅವರಿಂದಲೇ ಆಗುವಂಥದ್ದಲ್ಲ. ಕಂದು ಗಂಡು ಕುದುರೆ ಹೋಯಿತು: ನೋಡಿದರು. ಬೂದು ಬಣ್ಣದ್ದು: ನೋಡಿದರು. ಬಿಳಿ ಕಾಲಿನದು: ನೋಡಿದರು. ಕರಿ ಹೆಣ್ಣುಗುದುರೆಯೊಂದು ಬಂತು. ಡಾಕ್ಟರು ಚಹಾದ ಲೋಟದೊಳಗೆ ನೋಡಿದರು.

ಇನ್ನೊಂದು ಸುತ್ತು. ಕಂದು, ಬೂದು, ಬಿಳಿ ಕಾಲು. ಕರಿಯದು ಬಂತು. ಲೋಟ ಖಾಲಿಯಾಗಿತ್ತು, ಆದರೂ ಅದರೊಳಗೇ ನೋಡಿದರು.

ಇನ್‌ಸ್ಪೆಕ್ಟರ್ ಕನ್ನಡಕ ಕೆಳಗಿಳಿಸಿದರು.

"ಆ ಕುದುರೆ ಕಾಲಿಗೆ ಏನಾಗಿದೆ ಡಾಕ್ಟ್ರೇ?"

ಹೊರಗೆ ಗಂಟೆ ಬಾರಿಸಿತು. ಜಾಕಿಗಳು ಹತ್ತುತ್ತಿದ್ದರು. ಟ್ರೈನರ್ ಗುಬ್ಬಿಯ ಮೊಣಕಾಲಿಗೆ ಕೈಕೊಟ್ಟು ಮೇಲಕ್ಕೆ ಚಿಮ್ಮಿಸಿದರು; ಅವಳು ಕಾಡಿಗೆಯ ಬೆನ್ನ ಮೇಲೆ ಹಗುರಾಗಿ ಕೂತಳು.

"ಡಾಕ್ಟ್ರೇ."

"ಏನಿಲ್ಲ. ನಾನೇ ನೋಡಿ ಓಡಬಹುದು ಅಂದಿದೀನಿ."

"ಅಂದಿರೋದು ಗೊತ್ತು. ಈಗ ಏನಂತೀರಿ?"

ಕುದುರೆಗಳು ಸಾಲಾಗಿ ಓಟ ಶುರುವಾಗುವ ಗೇಟಿನ ಕಡೆ ಹೊರಟವು. ಗೊರಸಿನ ಸದ್ದು ಕಿಟಕಿಯ ಗಾಜಿನಲ್ಲಿ ನಡುಗಿ ಕಡಿಮೆಯಾಗುತ್ತ ಹೋಯಿತು.

"ಆ ಹುಡುಗಿಯ ಅಣ್ಣ ಆಸ್ಪತ್ರೆಯಲ್ಲಿದಾನೆ. ನೀವು ಅವನನ್ನ ಬೀಳಿಸಬೇಕು ಅಂತಿರಲಿಲ್ಲ. ಕೋಲು ಇಳಿಯಲಿ ಅಂತಿದ್ರಿ. ಇಳೀಲಿಲ್ಲ. ಇವತ್ತು ತಡೆಯೋಕೆ ಕೋಲೂ ಇಲ್ಲ. ಇವತ್ತು ನೀವೇ."

ಡಾಕ್ಟರು ಲೋಟವನ್ನು ಬಸಿಯ ಸರಿ ನಡುವಿಗೆ ಇಟ್ಟರು.

"ಬಲ ಹಿಂಗಾಲು. ಕೂದಲೆಳೆಯಷ್ಟು ಬಿರುಕು. ನಡಿಗೆಯಲ್ಲಿ ಕಾಣಲ್ಲ. ಓಟದಲ್ಲಿ, ತಿರುವಲ್ಲಿ ಭಾರ ಬಿದ್ದಾಗ..."

ವಾಕ್ಯ ಮುಗಿಯುವಷ್ಟರಲ್ಲಿ ಅವರ ತೋಳು ಇನ್‌ಸ್ಪೆಕ್ಟರರ ಕೈಯಲ್ಲಿತ್ತು.

ಗೇಟು ಇದ್ದದ್ದು ಮೈದಾನದ ಆಚೆ ತುದಿಯಲ್ಲಿ. ನಡೆದರೆ ಹತ್ತು ನಿಮಿಷ. ಗಡಿಯಾರದಲ್ಲಿ ಉಳಿದಿದ್ದು ಐದು. ಕಾರ್ಯದರ್ಶಿಗೆ ಫೋನು ಮಾಡಿದರೆ ಆ ಗದ್ದಲದಲ್ಲಿ ಅವರಿಗೆ ಕೇಳಿಸುವಂತಿರಲಿಲ್ಲ. ಸದರಿ ಜೀಪಿನ ಕೀಲಿ ತಿರುಗಿಸಿಕೊಂಡೇ ಕೂತಿದ್ದರು.

"ರಸ್ತೆ ಸುತ್ತು ಹಾಕಬೇಕು ಮೇಡಂ."

"ಟ್ರ್ಯಾಕಿನ ಮೇಲೆ ಹೋಗಿ."

ಸದರಿ ಜೀವಮಾನದಲ್ಲಿ ಒಂದು ಸಿಗ್ನಲ್ ದಾಟಿದವರಲ್ಲ. ಒಮ್ಮೆ ಕಣ್ಣು ಮುಚ್ಚಿ ತೆರೆದು, ಬೇಲಿಯ ಬಾಗಿಲಿನೊಳಗೆ ಜೀಪು ನುಗ್ಗಿಸಿದರು. ಗ್ಯಾಲರಿ ಹುಚ್ಚೆದ್ದಿತು. ಯಾರೋ ಜೀಪಿನ ಮೇಲೆ ಪಣ ಕಟ್ಟುವುದಾಗಿ ಕೂಗಿದರು. ಮೇಣದಣ್ಣ ಎರಡೂ ಕೈಯೆತ್ತಿ ಅಡ್ಡ ಬಂದು, ಜೀಪು ನಿಲ್ಲುವ ಲಕ್ಷಣ ಕಾಣದೆ ಪಕ್ಕಕ್ಕೆ ಹಾರಿದರು. "ನಿನ್ನೆ ತಾನೇ ಹದ ಮಾಡಿದ್ದು," ಎಂಬ ಅವರ ಮಾತು ಗಾಳಿಯಲ್ಲಿ ಹಿಂದೆ ಉಳಿಯಿತು. ಚಕ್ರಗಳು ಮೇಣದಲ್ಲಿ ಆಚೆ ಈಚೆ ಜಾರುತ್ತಿದ್ದವು. ಹಿಂದಿನ ಸೀಟಿನಲ್ಲಿ ಡಾಕ್ಟರು ಕಂಬಿ ಹಿಡಿದು ನೆಟ್ಟಗೆ ಕೂತಿದ್ದರು. ಗಾಜಿಗೆ ಬಂದು ಮೆತ್ತಿದ ಮಣ್ಣನ್ನು ವೈಪರು ಒರೆಸಲು ಹೋಗಿ ಇನ್ನಷ್ಟು ಹರಡಿತು. ಸದರಿ ತಲೆ ಹೊರಗೆ ಹಾಕಿ ಓಡಿಸಿದರು.

ಗೇಟಿನ ಬಳಿ ಒಂಬತ್ತು ಕುದುರೆಗಳು ಒಳಗೆ ಸೇರಿದ್ದವು. ಹತ್ತನೆಯದು ಕಾಡಿಗೆ. ಕಿವಿ ಹಿಂದಕ್ಕೆ ಮಡಿಸಿ, ಒಳಗೆ ಹೋಗಲು ಒಲ್ಲೆ ಎನ್ನುತ್ತಿತ್ತು. ಹಿಂದಿನಿಂದ ಇಬ್ಬರು ತಳ್ಳುತ್ತಿದ್ದರು. ತಳ್ಳಿ ಮುಗಿಸಿದರು. ಹಿಂಬಾಗಿಲು ಬಿತ್ತು. ಎತ್ತರದ ಕಟ್ಟೆಯ ಮೇಲೆ ನಿಂತಿದ್ದ ಸ್ಟಾರ್ಟರ್ ಬಾವುಟ ಎತ್ತಿದ್ದರು. ಇನ್ನೊಂದು ಕೈ ಗುಂಡಿಯ ಮೇಲಿತ್ತು.

"ನಿಲ್ಲಿಸಿ," ಎಂದು ಇನ್‌ಸ್ಪೆಕ್ಟರ್ ಜೀಪಿನಿಂದ ಹಾರಿದರು. "ಹತ್ತನೇ ಕುದುರೆ ಹೊರಗೆ ತೆಗೀರಿ."

"ಆಗಲ್ಲ ಮೇಡಂ. ಗೇಟಿಗೆ ಬಂದ ಕುದುರೆ ತೆಗೆಸೋ ಅಧಿಕಾರ ಡಾಕ್ಟರಿಗೆ ಮಾತ್ರ. ನೀವು ಜೀಪು ತಂದ್ರೂ ಅಷ್ಟೇ, ಟ್ಯಾಂಕು ತಂದ್ರೂ ಅಷ್ಟೇ."

ಎಲ್ಲರೂ ಡಾಕ್ಟರ ಕಡೆ ತಿರುಗಿದರು. ಅವರು ಜೀಪಿನಿಂದ ಇಳಿದು, ಅಂಗಿಯ ತೋಳು ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡರು.

"ಸದ್ಯದ ಪರಿಸ್ಥಿತಿಯನ್ನು ಗಮನಿಸಿ, ಮುನ್ನೆಚ್ಚರಿಕೆಯ ಕ್ರಮವಾಗಿ..."

"ಏನು? ಕೇಳಿಸ್ತಿಲ್ಲ."

"ಕುದುರೆಯ ಹಿತದೃಷ್ಟಿಯಿಂದ ಪುನರ್‌ಪರಿಶೀಲನೆ..."

"ಡಾಕ್ಟ್ರೇ, ಜೋರಾಗಿ ಹೇಳಿ. ತೆಗೀಬೇಕಾ, ಬೇಡವಾ? ಕುದುರೆಗಳು ಒಳಗೆ ಒದೀತಿವೆ."

ಗೇಟಿನ ಸರಳುಗಳ ನಡುವಿನಿಂದ ಗುಬ್ಬಿ ತಿರುಗಿ ನೋಡುತ್ತಿದ್ದಳು. ಹೆಲ್ಮೆಟ್ಟಿನ ಕೆಳಗೆ ಅವಳ ಮುಖ ಒಂದು ಮುಷ್ಟಿಯಷ್ಟೇ ಇತ್ತು.

"ನಾನು ನೋಡಿದ್ದು ತಪ್ಪು," ಎಂದರು ಡಾಕ್ಟರು. ದನಿ ಸೀಳಿತು, ಗೇಟಿನ ಕೆಲಸದವರು, ಒಂಬತ್ತು ಜಾಕಿಗಳು, ಎಲ್ಲರಿಗೂ ಕೇಳಿಸಿತು. "ಅದರ ಹಿಂಗಾಲು ಬಿರುಕು ಬಿಟ್ಟಿದೆ. ನಾನು ತಪ್ಪು ನೋಡಿದೆ. ತೆಗೀರಿ."

ಬಾವುಟ ಇಳಿಯಿತು. ಕಾಡಿಗೆಯನ್ನು ಹಿಂದಕ್ಕೆ ನಡೆಸಿ ತಂದರು. ಗುಬ್ಬಿ ಇಳಿದು ಅದರ ಬಲ ಹಿಂಗಾಲಿನ ಮೇಲೆ ಅಂಗೈ ಸವರಿದಳು. ಒಂದು ಕಡೆ ಕೈ ನಿಂತಿತು. ಕುದುರೆಯ ಚರ್ಮ ನಡುಗಿತು.

ಒಂದು ನಿಮಿಷದ ಮೇಲೆ ಗೇಟು ತೆರೆಯಿತು. ಒಂಬತ್ತು ಕುದುರೆಗಳು ಗುಡುಗಿನಂತೆ ಹಾದುಹೋದವು. ನಾನೂರರ ಕಂಬದ ತಿರುವನ್ನು ಒಂಬತ್ತೂ ದಾಟುವವರೆಗೆ ಗುಬ್ಬಿ ಉಸಿರು ಬಿಟ್ಟಿರಲಿಲ್ಲ. ಯಾರು ಗೆದ್ದರೆಂದು ಅವಳು ನೋಡಲಿಲ್ಲ. ಥಿನ್ನರ್ ಸುರಿದದ್ದು ಯಾರು, ಯಾಕೆ ಎಂದು ಇನ್‌ಸ್ಪೆಕ್ಟರ್ ಎರಡೇ ಮಾತಿನಲ್ಲಿ ಹೇಳಿದರು.

"ಅಣ್ಣ ಬಿದ್ದಾಗ ಮೊದಲು ಓಡಿ ಬಂದಿದ್ದು ನೀವೇ ಅಲ್ವಾ?" ಎಂದು ಡಾಕ್ಟರನ್ನು ಕೇಳಿದಳು.

"ಹೌದು."

"ಅವನ ತಲೆ ತೊಡೆ ಮೇಲಿಟ್ಕೊಂಡು, ಹೆದರಬೇಡ, ಹೆದರಬೇಡ ಅಂತಿದ್ರಿ. ಅವನಿಗೆ ಪ್ರಜ್ಞೆ ಇರಲಿಲ್ಲ. ಯಾರಿಗೆ ಹೇಳ್ತಿದ್ರಿ ಅಂತ ಈಗ ಗೊತ್ತಾಯ್ತು."

ಅವಳು ಕುದುರೆಯ ಹಗ್ಗ ಹಿಡಿದು, ಅದರ ನಡಿಗೆಗೆ ತನ್ನ ನಡಿಗೆ ಹೊಂದಿಸಿ, ನಿಧಾನವಾಗಿ ಲಾಯದ ಕಡೆ ಹೊರಟಳು.

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂಧನ ನಮೂದಾಯಿತು. ಡಾಕ್ಟರ ಕಾರಿನ ಡಿಕ್ಕಿಯಲ್ಲಿ ಥಿನ್ನರಿನ ಖಾಲಿ ಡಬ್ಬ ಸಿಕ್ಕಿತು. ಅದನ್ನು ಚೆನ್ನಾಗಿ ತೊಳೆದು, ಒರೆಸಿ, ಮುಚ್ಚಳ ಹಾಕಿ ಇಡಲಾಗಿತ್ತು; ಏನನ್ನೂ ಕೊಳಕಾಗಿ ಬಿಡುವ ಸ್ವಭಾವ ಅವರದಲ್ಲ. ಜಪ್ತಿ ಮಾಡಿದರು.

ಸಂಜೆ ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅವರು ನೀರು ಮಾತ್ರ ಕೇಳಿದರು. ಹಿಂದಿನ ಭಾನುವಾರ ಮನೆಯಲ್ಲಿ ಊಟಕ್ಕೆ ಬೀಗರು ಬಂದಿದ್ದರು. ಅಳಿಯನೂ ಕುದುರೆ ಡಾಕ್ಟರು, ಓದು ಮುಗಿಸಿ ಎರಡು ವರ್ಷವಾಗಿತ್ತು. ಊಟದ ಮೇಜಿನ ಮೇಲಿದ್ದ ಕಾಡಿಗೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮಾವ, ಇಲ್ಲೊಂದು ಗೆರೆ ಇದೆಯಲ್ಲ?" ಎಂದ. "ಅದು ನೆರಳು ಕಣಪ್ಪ. ನೆರಳಿಗೂ ಬಿರುಕಿಗೂ ವ್ಯತ್ಯಾಸ ಗೊತ್ತಾಗೋಕೆ ಇನ್ನೊಂದಿಷ್ಟು ಕೂದಲು ಬೆಳ್ಳಗಾಗಬೇಕು," ಎಂದು ಇವರು ಅಂದರು. ಬೀಗರು ನಕ್ಕರು, ಮಗಳೂ ನಕ್ಕಳು. ಅಳಿಯ ಕಿವಿ ಕೆಂಪಗಾಗಿ ತಟ್ಟೆ ನೋಡಿದ. ಎಲ್ಲರೂ ಹೋದ ಮೇಲೆ ಇವರು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಗೆರೆಯೇ.

"ಹೇಳಬಹುದಿತ್ತಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

"ಮಂಗಳವಾರ ಟ್ರೈನರ ಮನೆ ಬಾಗಿಲ ತನಕ ಹೋದೆ. ಅವರು ಯಾರಿಗೋ ಫೋನಲ್ಲಿ ಹೇಳ್ತಿದ್ರು, ಡಾಕ್ಟ್ರು ನೋಡಿದಾರೆ, ಇನ್ನು ಮಾತಿಲ್ಲ ಅಂತ. ವಾಪಸ್ ಬಂದೆ. ಒಂದು ದಿನ ರೇಸು ನಿಂತ್ರೆ ಸಾಕು, ಇನ್ನೊಂದು ಎಕ್ಸ್‌ರೇ ತೆಗೆದು, ಹೊಸ ಪೆಟ್ಟು ಅಂತ ಹೇಳ್ತಿದ್ದೆ. ಬುಧವಾರ ಆದಮೇಲೆ ಬಾಯಿ ಬಿಟ್ರೆ ಎಲ್ಲಾ ಹೊರಗೆ ಬರುತ್ತೆ ಅನ್ನಿಸ್ತು."

ಸದರಿ ಎಲ್ಲವನ್ನೂ ಬರೆದುಕೊಂಡು ಸಹಿ ತೆಗೆದುಕೊಂಡರು.

ಏಳೂವರೆಗೆ ಅಳಿಯ ಬಂದ. ಕೈಯಲ್ಲಿ ಒಂದು ಜೊತೆ ಬಟ್ಟೆ, ಬಿಪಿ ಮಾತ್ರೆ. ಲಾಯದಿಂದ ನೇರವಾಗಿ ಬಂದಿದ್ದನೆಂದು ಪ್ಯಾಂಟಿನ ಅಂಚಿಗೆ ಮೆತ್ತಿದ ಮೇಣದಿಂದ ತಿಳಿಯುತ್ತಿತ್ತು. ಇಬ್ಬರೂ ಬೆಂಚಿನ ಮೇಲೆ, ನಡುವೆ ಬಟ್ಟೆಯ ಚೀಲ ಇಟ್ಟುಕೊಂಡು ಕೂತರು.

"ಕುದುರೆ ನೋಡಿದೆಯಾ?" ಡಾಕ್ಟರು ಕೇಳಿದರು.

"ನೋಡಿದೆ ಮಾವ. ಪಟ್ಟಿ ಹಾಕಿದೀನಿ. ಉಳಿಯುತ್ತೆ." ಅವನು ಚೀಲದ ದಾರ ಸುತ್ತುತ್ತ ಹೇಳಿದ. "ಆ ಎಕ್ಸ್‌ರೇ ಅಷ್ಟೇನೂ ಸ್ಪಷ್ಟ ಇರಲಿಲ್ಲ. ಯಾರಿಗಾದ್ರೂ ನೆರಳು ಅಂತಲೇ ಕಾಣ್ತಿತ್ತು."

ಡಾಕ್ಟರು ಅವನ ಮುಖ ನೋಡಿದರು.

"ಇಲ್ಲಪ್ಪ," ಎಂದರು. "ಬಿರುಕೇ. ನೀನು ಸರಿಯಾಗೇ ನೋಡಿದ್ದೆ."